ಎಡಗೈ ನೇಯ್ದ ಮದುವೆ ಸೀರೆ

ಇಳಕಲ್ ಕಡೆಯ ಒಂದು ನೇಕಾರರ ಓಣಿ...

ಎಪ್ಪತ್ತೆರಡು ವರ್ಷದ ಶಂಕ್ರವ್ವ ಎಂದರೆ ಆ ಓಣಿಗೆ ಅರ್ಧ ಭಯ, ಅರ್ಧ ಗೌರವ. ರೀತಿ ರಿವಾಜಿನಲ್ಲಿ ಯಾರಿಗೇ ಡೌಟ್ ಬಂದರೂ ಆಕೆಯ ಮನೆ ಕಟ್ಟೆಗೇ ಬರಬೇಕು.

ಆಕೆಗೂ ಅದರ ಹೆಮ್ಮೆ ಏನು ಕಡಿಮೆ ಇರಲಿಲ್ಲ ಬಿಡಿ...

ಆಕೆಯ ಮೊಮ್ಮಗಳು ದಾಕ್ಷಾಯಣಿ. ಕಾಲೇಜು ಮುಗಿಸಿ ಮೂರು ವರ್ಷದಿಂದ ಮಗ್ಗದ ಮೇಲೆ ದಿನಬಳಕೆಯ ಸೀರೆ ನೇಯುತ್ತಿದ್ದಳು. ಕೈ ಬಹಳ ಚುರುಕು. ಆದರೆ ಅದು ಎಡಗೈ.

ಅಕ್ಕನ ಮದುವೆ ಗೊತ್ತಾಯಿತು. ದಾಕ್ಷಾಯಣಿಗೆ ಒಂದೇ ಆಸೆ... ಅಕ್ಷತೆಯ ಅಕ್ಕಿಕಾಳು ಬೀಳುವ ಹೊತ್ತಿಗೆ ಅಕ್ಕ ಉಡುವ ಸೀರೆಯನ್ನು ತಾನೇ ನೇಯಬೇಕು.

ಕೇಳಿದ್ದೇ ತಡ, ಶಂಕ್ರವ್ವ ತಲೆ ಅಲ್ಲಾಡಿಸಿದಳು.

"ಎಡಗೈಯವ್ರು ಮದಿವಿ ಸೀರಿ ನೇಯಬಾರ್ದವ್ವ. ಉಟ್ಟಾಕಿಗೆ ಛಲೋ ಆಗಂಗಿಲ್ಲ. ನಮ್ಮ ಓಣ್ಯಾಗ ಇದು ಮೊದಲಿಂದ ಬಂದದ್ದು."

"ಮೊದಲು ಅಂದ್ರ ಯಾವಾಗಿಂದ, ಆಯಿ?"

"ಮೊದಲು ಅಂದ್ರ ಮೊದಲು."

ಬೇರೆ ಹುಡುಗಿಯಾಗಿದ್ದರೆ ಅತ್ತುಕೊಂಡು ಮೂಲೆ ಸೇರುತ್ತಿದ್ದಳು. ಇಲ್ಲವೇ ಜಗಳ ತೆಗೆಯುತ್ತಿದ್ದಳು. ಇವಳು ಎರಡೂ ಮಾಡಲಿಲ್ಲ... ಹಳೇ ಕ್ಯಾಲೆಂಡರಿನ ಒಂದು ಹಾಳೆ ಹರಿದುಕೊಂಡು, ಪೆನ್ನು ಹಿಡಿದು ಮನೆ ಮನೆಗೆ ಹೊರಟಳು.

ಪ್ರತಿ ಮನೆಯಲ್ಲೂ ಅವಳದು ಒಂದೇ ಪ್ರಶ್ನೆ. "ಹಂಗ ಕೆಟ್ಟದ್ದಾಗಿದ್ದು ನೀವು ಕಣ್ಣಾರೆ ನೋಡೀರೇನ್ರೀ? ಇಲ್ಲಂದ್ರ ನಿಮಗ ಯಾರು ಹೇಳಿದ್ರು?"

ಹದಿನಾಲ್ಕು ಮನೆ. ಕಣ್ಣಾರೆ ಕಂಡವರು ಒಬ್ಬರೂ ಇಲ್ಲ...

ಒಬ್ಬರಿಗೆ ಅತ್ತೆ ಹೇಳಿದ್ದಳು. ಆ ಅತ್ತೆಗೆ ಪಕ್ಕದ ಮನೆಯಾಕೆ ಹೇಳಿದ್ದಳು. ಹಾಳೆಯ ಮೇಲೆ ಹೆಸರಿನಿಂದ ಹೆಸರಿಗೆ ಗೆರೆ ಎಳೆಯುತ್ತ ಹೋದರೆ ಅಷ್ಟೂ ಗೆರೆ ಬಂದು ನಿಂತದ್ದು ಗುರುಬಸವ್ವನ ಹೆಸರಿಗೆ. ಆಕೆ ಶಂಕ್ರವ್ವನ ಅತ್ತೆ. ತೀರಿಕೊಂಡು ಮೂವತ್ತು ವರ್ಷವಾಗಿತ್ತು.

ಮೂರನೇ ದಿನ ಬೆಳಿಗ್ಗೆ ಓಣಿಯ ಹೆಂಗಸರೆಲ್ಲ ಕಟ್ಟೆಯ ಮೇಲೆ ಕೂತು ನೂಲು ಸುತ್ತುತ್ತಿದ್ದರು. ದಾಕ್ಷಾಯಣಿ ಆ ಹಾಳೆಯನ್ನು ಅಜ್ಜಿಯ ಮುಂದೆ ಹರವಿದಳು.

"ಎಲ್ಲಾರ್ದೂ ಇಲ್ಲಿಗೇ ಬಂದು ನಿಲ್ತೈತಿ, ಆಯಿ. ನಿನ್ನ ಅತ್ತಿ ಗುರುಬಸವ್ವಗ ಯಾರು ಹೇಳಿದ್ರು? ಅಷ್ಟ ಗೊತ್ತಾಗವಲ್ದು. ಆಕಿ ಜೋಡಿ ಇದ್ದಾಕಿ ಈಗ ನೀ ಒಬ್ಬಾಕಿನ ಉಳದೀ."

"ಆಕಿಗೆ... ಆಕಿಗೆ..."

ಶಂಕ್ರವ್ವ ಕೈಯಲ್ಲಿದ್ದ ನೂಲು ಕೆಳಗಿಟ್ಟಳು.

ಐವತ್ತು ವರ್ಷದ ಹಿಂದಿನ ಒಂದು ಮಧ್ಯಾಹ್ನ ಕಣ್ಣ ಮುಂದೆ ಬಂತು. ನೆಗೆಣ್ಣಿ ಹಂಪವ್ವ... ಮೈದುನನ ಹೆಂಡತಿ. ಆಕೆಯೂ ಎಡಚಿ. ಸೆರಗಿನ ಎಳೆಯನ್ನು ಸೀರೆಯ ಒಡಲಿನ ಎಳೆಗೆ ಜೋಡಿಸುವುದರಲ್ಲಿ ಅವಳನ್ನು ಮೀರಿಸುವವರೇ ಇರಲಿಲ್ಲ. ಹಾಗಾಗಿ ಮದುವೆ ಸೀರೆಯ ಆರ್ಡರೆಲ್ಲ ಅವಳ ತಲೆಗೇ.

ಏಳು ತಿಂಗಳ ಬಸುರಿಯಾದರೂ ಅತ್ತೆ ಅವಳನ್ನು ಮಗ್ಗದಿಂದ ಏಳಗೊಡಲಿಲ್ಲ. ಕಾಲು ಬಾತುಹೋಗಿದ್ದವು. ಅತ್ತೆಗೆ ಎದುರಾಡುವ ಧೈರ್ಯ ಮನೆಯಲ್ಲಿ ಯಾರಿಗಿತ್ತು?

ಆಗ ಇಪ್ಪತ್ತೆರಡರ ಶಂಕ್ರವ್ವ ಅತ್ತೆಯ ಕಿವಿಯಲ್ಲಿ ಮೆಲ್ಲಗೆ ಒಂದು ಸುಳ್ಳು ಊದಿದಳು...

"ಎಡಗೈಯಾಕಿ ನೇಯ್ದ ಮದಿವಿ ಸೀರಿ ಛಲೋ ಅಲ್ಲಂತ್ರೀ, ಅತ್ತಿ. ನಮ್ಮ ತವರಮನಿ ಕಡೆ ಅಂತಾರ."

ಅತ್ತೆ ಹೆದರಿದಳು. ಹಂಪವ್ವನನ್ನು ಮಗ್ಗದಿಂದ ಎಬ್ಬಿಸಿದಳು. ಮಗು ಸುಖವಾಗಿ ಹುಟ್ಟಿತು.

ಆದರೆ ಹಂಪವ್ವ ಸಾಯುವವರೆಗೂ ಮತ್ತೆ ಒಂದು ಮದುವೆ ಸೀರೆ ಮುಟ್ಟಲಿಲ್ಲ. ಯಾರೂ ಮುಟ್ಟಗೊಡಲಿಲ್ಲ. ಅತ್ತೆಗೆ ಹೆದರಿ ಶಂಕ್ರವ್ವ ನಿಜ ಬಾಯಿಬಿಡಲಿಲ್ಲ...

ಆಮೇಲೆ ಸೊಸೆಯರು ಅತ್ತೆಯರಾದರು. ಎಲ್ಲರ ಬಾಯಲ್ಲೂ ಅದೇ ಮಾತು ಕೇಳಿ ಕೇಳಿ, ಕೊನೆಗೆ ಹೇಳಿದ ಶಂಕ್ರವ್ವನೇ ಅದನ್ನು ನಂಬಿಬಿಟ್ಟಿದ್ದಳು.

ಈಗ "ಗೊತ್ತಿಲ್ಲವ್ವ" ಅಂದಿದ್ದರೆ ಮುಗಿದುಹೋಗುತ್ತಿತ್ತು. ಐವತ್ತು ವರ್ಷದ ಮರ್ಯಾದೆಯೂ ಉಳಿಯುತ್ತಿತ್ತು.

ಶಂಕ್ರವ್ವ ಗೋಡೆ ಹಿಡಿದು ಎದ್ದು ನಿಂತಳು.

"ಎಲ್ಲಾರೂ ಕೇಳ್ರಿ. ಆ ಮಾತು ನಾ ಹುಟ್ಟಿಸಿದ್ದು. ಅದು ಸುಳ್ಳು. ಬಸುರಿ ಹೆಣಮಗಳಿಗೆ ನಾಕು ದಿನ ಆರಾಮ ಸಿಗಲಿ ಅಂತ ಹೇಳಿದ್ದೆ... ಆಮ್ಯಾಲ ಆಕಿ ಕೈ ನಾನ ಕಟ್ಟಿಹಾಕಿದೆ. ಇವತ್ತ ಈಕಿ ಕೈನೂ ಕಟ್ಟಾಕ ಹೊಂಟಿದ್ದೆ."

ದಾಕ್ಷಾಯಣಿ ಕಣ್ಣೀರಿಡುತ್ತಿದ್ದ ಅಜ್ಜಿಯನ್ನು ತಬ್ಬಿಕೊಂಡಳು.

"ಅಳಬ್ಯಾಡ, ಆಯಿ. ನಿನಗ ಅವಮಾನ ಆಗಲಿ ಅಂತ ನಾ ಕೇಳಲಿಲ್ಲ."

ಶಂಕ್ರವ್ವ ಮೊಮ್ಮಗಳ ಎಡಗೈ ಹಿಡಿದು ತನ್ನ ಕಣ್ಣಿಗೆ ಒತ್ತಿಕೊಂಡಳು.

"ಅವಮಾನ ಎಲ್ಲಿದು, ಹುಚ್ಚಿ? ನನ್ನ ಎದಿ ಉಬ್ಬೇತಿ. ಐವತ್ತು ವರ್ಷದಾಗ, ಇದನ್ನ ಯಾರು ಹೇಳಿದ್ರು ಅಂತ ಕೇಳಿದಾಕಿ ನೀ ಒಬ್ಬಾಕಿ. ಮತ್ತ ನೀ ನನ್ನ ಮೊಮ್ಮಗಳು."

ಎರಡು ತಿಂಗಳ ನಂತರ ಮದುವೆ... ಸೀರೆಯ ಸೆರಗನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದ ಬೀಗರ ಕಡೆಯ ಹಿರಿಯಳೊಬ್ಬಳು ಕೇಳಿದಳು, "ಯಾರು ನೇಯ್ದಾರ್ರೀ ಇದನ್ನ? ಎಷ್ಟ ನಾಜೂಕ ಕೈ."

ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಡಗೈ ಎಂದರೆ ಬೀಗರು ಏನಂದುಕೊಳ್ಳುತ್ತಾರೋ ಎಂಬ ಅಳುಕು.

ಶಂಕ್ರವ್ವ ಇಡೀ ಮಂಟಪಕ್ಕೆ ಕೇಳುವಂತೆ ಹೇಳಿದಳು...

"ನನ್ನ ಮೊಮ್ಮಗಳು ನೇಯ್ದಾಳ್ರೀ. ಎಡಗೈಲೆ."

🙏

*ಎಲ್ಲರೂ ನಂಬುತ್ತಾರೆ ಎಂಬುದು ಒಂದು ಮಾತಿನ ವಯಸ್ಸು ಹೇಳೀತು, ಅದರ ಸತ್ಯವನ್ನಲ್ಲ.*

ನೀವು ಇಂದಿಗೂ ಗಟ್ಟಿಯಾಗಿ ಹಿಡಿದುಕೊಂಡಿರುವ ಒಂದು ನಂಬಿಕೆಯನ್ನು ನೆನೆಸಿಕೊಳ್ಳಿ... ಅದನ್ನು ನಿಮಗೆ ಮೊದಲು ಹೇಳಿದ್ದು ಯಾರು?