ಗಾಜಿನ ಹೊಟ್ಟೆ

ಎಲ್ಲ ದವಾಖಾನೆಗಳಲ್ಲಿ ಮಾಡುವಂತೆ ಡಾಕ್ಟರ್ ನಸೀಮಾ ಮುಲಾಮು ಸವರಿದರು. ಶಹನಾಯಿ ವಾದಕ ಯಮನಪ್ಪನ ಕಿಬ್ಬೊಟ್ಟೆಯ ಚರ್ಮ ಗಾಜಿನಂತೆ ತಿಳಿಯಾಯಿತು.

"ಈಗ ಊದ್ರಿ."

ಯಮನಪ್ಪ ತಾರಸ್ಥಾಯಿಗೆ ಏರಿದ. ಸ್ನಾಯುವಿನ ಗೋಡೆಯ ಬಿರುಕಿನಿಂದ ಕರುಳು ಮೆಲ್ಲಗೆ ಇಣುಕಿದ್ದು ಎದುರಿನ ಕನ್ನಡಿಯಲ್ಲಿ ಕಂಡಿತು. ಮದುವೆಗಳಲ್ಲಿ ಅವನು ಊದಲಾಗದಂತೆ ಮಾಡಿದ್ದ ಗಂಟು ಅದೇ.

"ಅಯ್ಯ, ಹಿಂಗ ಹೊರಗ ಬರತೈತೇನ್ರಿ ಇದು!"

"ಇದ ಹರ್ನಿಯಾ. ಕರುಳು ಅಲ್ಲೇ ಸಿಕ್ಕೊಂಡ್ರ ಜೀವಕ್ಕ ಅಪಾಯ. ಸಣ್ಣ ತೂತು ಹಾಕಿ, ದುರ್ಬೀನು ಇಳಿಸಿ ಜಾಳಿಗಿ ಕೂಡ್ರಸಬಹುದು. ಜಲ್ದಿ ಆರಾಮಾಗತೈತಿ, ಆದ್ರ ಪೂರ್ತಿ ನಿದ್ದಿ ಬರಸಬೇಕು. ಇಲ್ಲಾ ಆ ಜಾಗ ಅಷ್ಟ ಮರಗಟ್ಟಿಸಿ, ಕೊಯ್ದು, ಜಾಳಿಗಿ ಹಾಸಿ ಹೊಲೀಬಹುದು."

"ಮತ್ತ ಊದಾಕ ಆಗತೈತೇನ್ರಿ?"

"ಗಾಯ ಮಾದ ಮ್ಯಾಲ ಎರಡರಾಗೂ ಆಗತೈತಿ."

"ಹಂಗಾರ ಕೊಯ್ಯೋದ ಇರಲಿ. ನನ್ನ ಕರುಳು, ನಾನ ನೋಡಬ್ಯಾಡೇನು?"

ಮರುದಿನ ವೈದ್ಯೆ ಮತ್ತೆ ಮುಲಾಮು ಸವರಿ, ಆ ಜಾಗ ಮರಗಟ್ಟಿಸಿ ಕೊಯ್ದು, ಕರುಳನ್ನು ಒಳಗೆ ಸರಿಸಿ, ತೆಳ್ಳನೆಯ ಜಾಳಿಗೆ ಹಾಸಿ ಹೊಲಿದರು. ಮೇಲಿನ ಕನ್ನಡಿಯಲ್ಲಿ ಯಮನಪ್ಪ ರೆಪ್ಪೆ ಬಡಿಯದೆ ನೋಡಿದ. ಗಾಯ ಮುಚ್ಚಿದ ಮೇಲೆ ಅವರು, "ಒಮ್ಮೆ ಕೆಮ್ರಿ, ಗಟ್ಟಿ ಐತೇನು ನೋಡೂಣು" ಎಂದರು.

ಕೆಮ್ಮಿದ. ತಿಳಿಯಾದ ಚರ್ಮದಡಿ ಕರುಳು ಜಾಳಿಗೆಯವರೆಗೆ ಬಂದು, ದಾರಿ ಸಿಗದೆ ಹಿಂದಿರುಗಿತು.

"ಸಾಕ್ರಿ" ಎಂದರು ವೈದ್ಯೆ. ಯಮನಪ್ಪನಿಗೆ ಸಾಲಲಿಲ್ಲ. ಕನ್ನಡಿಯತ್ತ ಕತ್ತು ಚಾಚಿ ಇನ್ನೊಮ್ಮೆ ಕೆಮ್ಮಿದ.