ಹಗಲು ನಿದ್ದೆ

"ಇನ್ನೊಂದು ರಾತ್ರಿ ಮಿಷಿನ್ ಸದ್ದು ಕೇಳಿಸಿದ್ರೆ ಮನೆ ಖಾಲಿ ಮಾಡ್ಬಿಡಮ್ಮ. ಆಪರೇಷನ್ ಆದಾಗಿಂದ ನಮ್ಮನೆಯವರಿಗೆ ಮೊದಲೇ ನಿದ್ದೆ ಇಲ್ಲ. ಹಗಲೆಲ್ಲ ನೀನೇನು ಕಡಿದು ಗುಡ್ಡೆ ಹಾಕ್ತೀಯ?" ಕೆಳಗಡೆ ವಾಸವಿದ್ದ ಮನೆ ಮಾಲೀಕಳು ಬಾಗಿಲಲ್ಲೇ ನಿಂತು ಇಷ್ಟು ಹೇಳಿ ಮೆಟ್ಟಿಲಿಳಿದು ಹೋದಳು.

ತಂಗಿಯನ್ನು ನೋಡಿಕೊಂಡು ಹೋಗಲು ಬಂದಿದ್ದ ಅಕ್ಕ ಅಡುಗೆಮನೆಯಿಂದಲೇ ಕೂಗಿದಳು. "ಸರಿಯಾಗೇ ಹೇಳಿದ್ರು! ಹಗಲು ಹೊಲಿಯೋಕೆ ನಿಂಗೇನು ರೋಗ?"

ತಂಗಿ ಓಡಿ ಬಂದು ಅವಳ ಬಾಯಿಗೆ ಕೈ ಅಡ್ಡ ಹಿಡಿದಳು. "ಅಯ್ಯೋ, ಮೆಲ್ಲಗೆ ಅಕ್ಕ!"

"ಯಾಕೆ? ಯಾರು ಮಲಗಿದ್ದಾರೆ?"

ತಂಗಿ ಕೈ ತೆಗೆದಳು. ಯಾರೂ ಮಲಗಿರಲಿಲ್ಲ. ಗಂಡನದು ರಾತ್ರಿ ಪಾಳಿ. ಮದುವೆಯಾದಂದಿನಿಂದ ಹಗಲೆಲ್ಲ ಒಳಗಿನ ಕೋಣೆಯಲ್ಲಿ ಅವನ ನಿದ್ದೆ, ಹೊರಗೆ ಇವಳ ಉಸಿರು ಬಿಗಿಹಿಡಿದ ಸಂಸಾರ. ಪಾತ್ರೆ ಸದ್ದಾಗಬಾರದು, ಮಿಕ್ಸಿ ತಿರುಗಬಾರದು, ಹೊಲಿಗೆಯೇನಿದ್ದರೂ ಅವನು ಕೆಲಸಕ್ಕೆ ಹೋದ ಮೇಲೆ. ಹೋದ ವರ್ಷ ಆ ಪುಣ್ಯಾತ್ಮ ಇನ್ನೊಬ್ಬಳ ಮನೆ ಸೇರಿಕೊಂಡ. ಕೋರ್ಟಿನಲ್ಲಿ ವಿಚ್ಛೇದನವೂ ಆಯಿತು. ಆದರೂ ಆ ಕೋಣೆಯ ಬಾಗಿಲು ಹಗಲು ಹೊತ್ತು ಮುಚ್ಚಿಯೇ ಇರುತ್ತಿತ್ತು.

"ಅವನು ಅಲ್ಲಿ ಹಾಯಾಗಿ ಗೊರಕೆ ಹೊಡೀತಿದ್ದಾನೆ, ನೀನಿಲ್ಲಿ ಬೆಕ್ಕಿನ ಥರ ಹೆಜ್ಜೆ ಇಡ್ತಿದ್ದೀಯಲ್ಲೇ! ಈ ಮನೆ ಬಿಟ್ರೆ ಎಲ್ಲಿಗೆ ಹೋಗ್ತೀಯ? ನನ್ನತ್ತೆ ಮನೇಲಿ ನಂಗೇ ಕಾಲು ಚಾಚೋಕೆ ಜಾಗ ಇಲ್ಲ." ಅಕ್ಕ ಮಿಷಿನ್ನನ್ನು ದರದರ ಎಳೆದು ಕಿಟಕಿಯ ಬಳಿ ಇಟ್ಟಳು. "ಕೂತ್ಕೋ. ಹೊಲಿ."

ತಂಗಿ ಕೂತಳು. ಶಾಲೆಯ ಸಮವಸ್ತ್ರದ ಒಂದು ತೋಳನ್ನು ಸೂಜಿಯ ಕೆಳಗಿಟ್ಟು ಮೆಲ್ಲಗೆ ತುಳಿದಳು. ಹಳೆಯ ಮಿಷಿನ್ನು, ಮೆಲ್ಲಗೆ ಎಂಬುದು ಅದಕ್ಕೆ ಗೊತ್ತಿಲ್ಲ. ತುಳಿಯುತ್ತ ತುಳಿಯುತ್ತ ಸದ್ದು ಮನೆಯೆಲ್ಲ ತುಂಬಿತು.

"ನೋಡಿದ್ಯಾ? ಆಕಾಶ ಏನಾದ್ರೂ ಕಳಚಿ ಬಿತ್ತಾ?" ಅಕ್ಕ ನಕ್ಕಳು.

ತಂಗಿ ಅಂಗೈಯಿಂದ ಚಕ್ರ ತಡೆದು ಕೋಣೆಯ ಕಡೆ ಕಿವಿಗೊಟ್ಟಳು. ಕೆಮ್ಮಿಲ್ಲ. ಮಂಚ ಕಿರುಗುಟ್ಟಲಿಲ್ಲ. "ನಿಲ್ಸೇ ಅದನ್ನ!" ಎಂದು ಯಾರೂ ಗದರಲಿಲ್ಲ. ಮತ್ತೆ ಜೋರಾಗಿ ತುಳಿದಳು, ಮತ್ತೆ ನಿಲ್ಲಿಸಿದಳು. ಏನೂ ಇಲ್ಲ. ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕತೊಡಗಿದಳು.

"ಏನಾಯ್ತೇ? ಸೂಜಿ ಚುಚ್ತಾ?"

"ರಾತ್ರಿ ಹೊಲೀತಿದ್ದಷ್ಟು ದಿನ ಅವರು ಒಳಗೆ ಮಲಗಿದ್ರು ಅಕ್ಕ," ಎಂದಳು ತಂಗಿ. "ಈಗ ಹೋದ್ರು."