ಹೆಸರು ಆಮೇಲೆ

ಹುಡುಗಿ ಒಳಬಂದವಳೇ ಬಾಗಿಲು ಮುಚ್ಚಿ ಚಿಲಕ ಹಾಕಿದಳು. ವಕೀಲೆ ಮನೋರಮಾ ಫೋನಿನಲ್ಲಿದ್ದರು. “ಆಯ್ತು, ಭಾನುವಾರ ನಾವು ಮೂವರೂ ಮೂಡುಬಿದಿರೆಗೆ ಬರ್ತೇವೆ” ಎಂದು ಮಾತು ಮುಗಿಸಿ, ಎದುರಿನ ಕುರ್ಚಿ ತೋರಿಸಿದರು.

ಹುಡುಗಿಯ ಕೈಯಲ್ಲಿ ಗಂಡಸರ ದೊಡ್ಡ ಕೊಡೆ. ಹಿಡಿಗೆ ಕೆಂಪು ದಾರ. ಅದಲುಬದಲಾಗದಿರಲೆಂದು ಗುರುತು. ಇವಳ ಮನೆಯಲ್ಲೂ ಯಾರೋ ಜಾಗ್ರತೆಯವರಿದ್ದಾರೆ ಎಂದುಕೊಂಡರು ಮನೋರಮಾ.

“ಬೆಳ್ತಂಗಡಿಯಿಂದ ಬಂದೆ ಮೇಡಂ. ನಿಮ್ಮಲ್ಲಿ ಮೊದಲು ಕಥೆ, ಹೆಸರು ಆಮೇಲೆ ಅಲ್ವಾ?”

ಮನೋರಮಾರಿಗೆ ಖುಷಿಯಾಯಿತು. ಉಳಿದ ವಕೀಲರು ಎದುರು ಪಕ್ಷದ ಹೆಸರು ಕೇಳಿದ ಮೇಲೆಯೇ ಬಾಯಿ ತೆರೆಯುತ್ತಾರೆ. ಇವರದ್ದು ಉಲ್ಟಾ. ಬಂಟ್ವಾಳದಲ್ಲಿ ಯಾರ ಹೆಸರೆತ್ತಿದರೂ ಒಂದು ನೆಂಟಸ್ತಿಕೆ ಹೊರಡುತ್ತದೆ. ನೆಂಟಸ್ತಿಕೆ ಹೊರಟರೆ ಕಿವಿ ಡೊಂಕಾಗುತ್ತದೆ. ತಮ್ಮ ಪದ್ಧತಿಯ ಕೀರ್ತಿ ಬೆಳ್ತಂಗಡಿಗೂ ಮುಟ್ಟಿತಲ್ಲ.

“ದೇವಸ್ಥಾನದಲ್ಲಿ ಮಾಲೆ ಹಾಕಿ ರಿಜಿಸ್ಟರ್ ಮಾಡಿಸಿದ್ದೇವೆ. ಜಾತಿ ಬೇರೆ. ಗಂಡನ ತಾಯಿಗೆ ಗೊತ್ತಿಲ್ಲ, ಬೇರೆ ಹೆಣ್ಣು ಹುಡುಕ್ತಾ ಇದ್ದಾರೆ.”

“ಹೆದರಿಕೆ ಯಾರದ್ದು?”

“ತಾಯಿಯದ್ದೇ. ಕೋರ್ಟಿಗೆ ಹೋಗಿಯಾದರೂ ಮುರಿಸ್ತಾರೆ ಅಂತ ಇವರು ಹೇಳ್ತಾರೆ. ಆ ತಾಯಿಗೆ ಕಾನೂನು ಗೊತ್ತುಂಟು. ಮಗ ಸ್ವಲ್ಪ ತಡವಾಗಿ ಬಂದರೂ ಪಾಟೀಸವಾಲಂತೆ. ಹೌದು ಅಥವಾ ಅಲ್ಲ, ಬೇರೆ ಉತ್ತರ ಇಲ್ಲ.”

ಮನೋರಮಾ ನಗು ತಡೆದುಕೊಂಡರು. ಶರಣ್ಯಾ. ಬೇರೆ ಯಾರು? ಪಕ್ಕದ ಚೇಂಬರಿನ ವಕೀಲೆ, ಮಗನಿಗೆ ಹೆಣ್ಣು ಹುಡುಕಿ ಚಪ್ಪಲಿ ಸವೆಸುತ್ತಿರುವವಳು, ಮೊನ್ನೆ ತುಂಬಿದ ಕೋರ್ಟಿನಲ್ಲಿ ಮನೋರಮಾರ ಅರ್ಜಿ ನೋಡಿ ನಕ್ಕವಳು. ಜೊತೆಗೆ ಇನ್ನೊಂದು ಹಳೆಯ ಉರಿ. ತಾವು ಸೊಸೆಯಾಗಿ ಬಂದಾಗ ಅತ್ತೆ ಈ ಕಪ್ಪು ಕೋಟನ್ನು ವರ್ಷಗಟ್ಟಲೆ ಪೆಟ್ಟಿಗೆಯಿಂದ ತೆಗೆಯಗೊಟ್ಟಿರಲಿಲ್ಲ. ಅದು ನೆನಪಾದರೆ ಇಂದಿಗೂ ಅವರ ಬೆನ್ನು ನೆಟ್ಟಗಾಗುತ್ತದೆ.

“ಇಬ್ಬರಿಗೂ ಮದುವೆಯ ಪ್ರಾಯ ಆಗಿದೆಯಲ್ಲ? ಹೌದು ಅಥವಾ ಅಲ್ಲ, ಅಷ್ಟು ಹೇಳು.”

ಹುಡುಗಿ ತುಟಿ ಕಚ್ಚಿಕೊಂಡಳು. “ಹೌದು.”

“ಹಾಗಾದರೆ ಮದುವೆ ಗಟ್ಟಿ. ಆ ಹೆಂಗಸು ಹೈಕೋರ್ಟಿಗೆ ಹೋದರೂ ಅಲುಗಾಡುವುದಿಲ್ಲ. ನೀನು ಸೀದಾ ಅವರ ಮನೆಗೆ ಹೋಗು. ಬಲಗಾಲಿಟ್ಟೇ ಹೋಗು. ಹೊರಗೆ ಹಾಕಿದರೆ ನಾನಿದ್ದೇನೆ.”

“ಅವರು ನಿಮ್ಮ ಹತ್ತಿರವೇ ಕೇಸು ತಂದರೆ?”

“ನಿನ್ನ ಕಥೆ ಕೇಳಿ ಆಯ್ತಲ್ಲ ಮಾರಾಯ್ತಿ. ಇನ್ನು ಅವರ ಪರ ಒಂದು ಕಾಗದವನ್ನೂ ನಾನು ಮುಟ್ಟುವ ಹಾಗಿಲ್ಲ. ನೀನು ಹೇಳಿದ್ದನ್ನು ನನ್ನ ಗಂಡನ ಹತ್ತಿರವೂ ಬಾಯಿ ಬಿಡುವ ಹಾಗಿಲ್ಲ. ಬಿಟ್ಟರೆ ಬಾರ್ ಕೌನ್ಸಿಲ್ ಸನ್ನದು ಕಿತ್ತುಕೊಳ್ತದೆ.”

“ಅವರು ತುಂಬಾ ಬೇಜಾರು ಮಾಡಿಕೊಂಡರೆ?”

“ಮಾಡಿಕೊಳ್ಳಲಿ. ಅಂಥವರಿಗೆ ಹಾಗೇ ಆಗಬೇಕು. ಎರಡು ದಿನ ಮುಖ ಊದಿಸಿಕೊಂಡಾರು. ಆಮೇಲೆ ತಾವೇ ಕಾಫಿ ಮಾಡಿ ಕೊಡ್ತಾರೆ ನೋಡು.”

ಹುಡುಗಿ ಮೊದಲ ಸಲ ನಕ್ಕಳು. ವಕಾಲತ್ತಿನ ಮೇಲೆ ‘ಅಕ್ಷಿತಾ’ ಎಂದು ಸಹಿ ಹಾಕಿದಳು. ಮನೋರಮಾ ಒಪ್ಪಿಕೊಂಡೆ ಎಂದು ಕೆಳಗೆ ತಮ್ಮ ಸಹಿ ಎಳೆದು, ಮೊಹರು ಒತ್ತಿದರು. ಗೋಡೆಯಾಚೆ ಶರಣ್ಯಾ ಕೆಮ್ಮಿದ್ದು ಕೇಳಿಸಿತು. ಕೆಮ್ಮಲಿ ಪಾಪ.

“ಈಗ ಹೇಳು,” ಪೆನ್ನು ಹಿಡಿದು ಹುರುಪಿನಿಂದ ಮುಂದೆ ಬಾಗಿದರು. “ಅತ್ತೆಯ ಹೆಸರು?”

ಅಕ್ಷಿತಾ ಕೊಡೆಯನ್ನೆತ್ತಿ, ಹಿಡಿ ಮನೋರಮಾರ ಕಡೆಗೆ ಬರುವಂತೆ, ಮೇಜಿನ ಮೇಲೆ ಮೆಲ್ಲಗೆ ಇಟ್ಟಳು.

“ಈ ದಾರ ಕಟ್ಟಿದ್ದು ನೀವೇ ಅಂತೆ, ಅತ್ತೆ.”